ಒಳಾಂಗಣ ಛಾಯಾಗ್ರಾಹಕರ ಆಯ್ಕೆ: ದರಕ್ಕಿಂತ ಕರಾರು ಮುಖ್ಯ

ಪೀಠೋಪಕರಣ ತಯಾರಕರು ಹಾಗೂ ಒಳಾಂಗಣ ಗುತ್ತಿಗೆದಾರರು ಮುಗಿದ ಕಾಮಗಾರಿಯ ಚಿತ್ರ ತೆಗೆಸುವಾಗ ಸಾಮಾನ್ಯವಾಗಿ ದರವನ್ನಷ್ಟೇ ವಿಚಾರಿಸುತ್ತಾರೆ. ಛಾಯಾಗ್ರಾಹಕರ ಹಿಂದಿನ ಚಿತ್ರಗಳಲ್ಲಿ ಗೋಡೆಯ ಲಂಬರೇಖೆಗಳು ನೇರವಾಗಿವೆಯೇ, ಕಿಟಕಿಯ ಬೆಳಕು ಮತ್ತು ದೀಪದ ಬೆಳಕು ಹೊಂದಿಕೊಂಡು ಮರದ ನಿಜಬಣ್ಣ ಉಳಿದಿದೆಯೇ ಎಂಬುದನ್ನು ಮೊದಲು ಪರಿಶೀಲಿಸಬೇಕು.

ಅದಕ್ಕಿಂತಲೂ ಮುಖ್ಯವಾದುದು ಹಕ್ಕಿನ ಪ್ರಶ್ನೆ. 1957ರ ಕೃತಿಸ್ವಾಮ್ಯ ಕಾಯಿದೆಯ 17ನೇ ಪ್ರಕರಣದಂತೆ, ವ್ಯತಿರಿಕ್ತ ಕರಾರು ಇಲ್ಲದಿದ್ದಲ್ಲಿ, ಹಣ ಕೊಟ್ಟು ಚಿತ್ರ ತೆಗೆಸಿದವರೇ ಅದರ ಪ್ರಥಮ ಮಾಲೀಕರು. ಆದರೆ ಛಾಯಾಗ್ರಾಹಕರು ಹಕ್ಕನ್ನು ಕಾಯ್ದಿರಿಸಿಕೊಂಡ ದರಪತ್ರಕ್ಕೆ ಓದದೆ ಸಹಿ ಮಾಡಿದವರು ಕ್ಯಾಟಲಾಗ್ ಅಚ್ಚು ಹಾಕಿಸಲು ಮತ್ತೆ ಶುಲ್ಕ ತೆರಬೇಕಾದೀತು. ವಾಸ್ತುಶಿಲ್ಪಿ ತೆಗೆಸಿದ ಚಿತ್ರವನ್ನು, ಅದರಲ್ಲಿರುವ ಕುರ್ಚಿಯ ತಯಾರಕರೂ ಅನುಮತಿಯಿಲ್ಲದೆ ಜಾಹೀರಾತಿಗೆ ಬಳಸುವಂತಿಲ್ಲ.

ಆದುದರಿಂದ ವೆಚ್ಚ ಹಂಚಿಕೊಳ್ಳುವವರ ಹೆಸರು, ಬಳಕೆಯ ಸ್ವರೂಪ ಹಾಗೂ ಅವಧಿಯನ್ನು ಮುಂಗಡ ನೀಡುವ ಮೊದಲೇ ಲಿಖಿತವಾಗಿ ನಮೂದಿಸಿಕೊಳ್ಳುವುದು ಲೇಸು.