ವೇದಿಕೆಯ ಮೇಲೆ ಮೂರು ನಿಮಿಷ, ಮನೆಯಲ್ಲಿ ನೂರು ದಿನ ಪಥ್ಯ!

ಬೆಳಗಿನ ಜಾವ ಐದು ಗಂಟೆ. ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡಿನ ಚೀಲಗಳು ಬಂದಿಳಿಯುತ್ತಿವೆ. ಹಿಂದಿನ ಗಲ್ಲಿಯ ಮಹಡಿಯಿಂದ ‘ಠಣ್... ಠಣ್...’ ಎಂಬ ಸದ್ದು. ಕಮ್ಮಾರನ ಕುಲುಮೆಯೇ? ಅಲ್ಲ ಸ್ವಾಮಿ, ಜಿಮ್ಮು!

ಒಳಗೆ ಇಪ್ಪತ್ತೆರಡರ ಹುಡುಗನೊಬ್ಬ ಬೆವರಿಳಿಸುತ್ತಿದ್ದ. ಹಗಲೆಲ್ಲ ನೂಲು ಬಿಚ್ಚಾಣಿಕೆ ಕೆಲಸ, ಬಿಸಿನೀರಿನ ಮುಂದೆ. “ಸಿನಿಮಾ ಸೇರ್ಬೇಕಾ?” ಎಂದೆ. “ಇಲ್ಲಣ್ಣ, ದೇಹದಾರ್ಢ್ಯ ಸ್ಪರ್ಧೆ. ಅರವತ್ತೈದು ಕೇಜಿ ವಿಭಾಗ. ಇನ್ನು ಹದಿನೇಳೇ ದಿನ” ಎಂದು ನಕ್ಕ. ಕೆನ್ನೆಯಲ್ಲಿ ಗುಳಿ ಬಿತ್ತು. ಅದು ಚೆಲುವಿನ ಗುಳಿಯಲ್ಲ, ಹಸಿವಿನ ಗುಳಿ!

ಪರದೆಯ ಮೇಲೆ ನಾಯಕ ಅಂಗಿ ಬಿಚ್ಚಿದರೆ ನಾವು ಶಿಳ್ಳೆ ಹೊಡೆಯುತ್ತೇವೆ. ನಮ್ಮೂರ ಹುಡುಗರು ಅದಕ್ಕಾಗಿ ಪಡುವ ಪಾಡೇನು? ನೋಡೋಣವೆಂದು ನಾಲ್ಕು ಊರು ಬಸ್ಸಿನಲ್ಲಿ ಸುತ್ತಿ ಬಂದೆ.

ಅಯ್ಯರ್ ಹುಟ್ಟಿದ ಸೀಮೆ

ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೆ ಮುಂಚೆ ಎಲ್ಲವೂ ಕೋಲಾರವೇ. ಆ ಕೋಲಾರ ಸೀಮೆಯ ದೇವರಾಯಸಮುದ್ರದವರು ಕೆ.ವಿ. ಅಯ್ಯರ್. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ಕಟ್ಟಿ ಸೂರ್ಯನಮಸ್ಕಾರವನ್ನೂ ಬಾರ್‌ಬೆಲ್ಲನ್ನೂ ಒಟ್ಟಿಗೆ ಕಲಿಸಿದ ಮಹನೀಯರು. ‘ರೂಪದರ್ಶಿ’, ‘ಶಾಂತಲಾ’ ಬರೆದ ಕೈಯೇ ಕಬ್ಬಿಣವನ್ನೂ ಎತ್ತಿತ್ತು! ಅವರು 1980ರಲ್ಲಿ ತೀರಿಕೊಂಡರು. ಆ ಗೀಳು ಮಾತ್ರ ಈ ಕಡೆ ಇನ್ನೂ ಜೀವಂತ.

ಚಿಕ್ಕಬಳ್ಳಾಪುರದ ಹುಡುಗರು ಭಾನುವಾರ ನಂದಿಬೆಟ್ಟದ ಮೆಟ್ಟಿಲು ಹತ್ತಿ ಕೊಬ್ಬು ಕರಗಿಸುತ್ತಾರೆ. ವಾರದ ಉಳಿದ ದಿನ ಒಂದು ದಿನ ಎದೆ, ಒಂದು ದಿನ ಬೆನ್ನು, ಒಂದು ದಿನ ಕಾಲು. ಕಾಲಿನ ದಿನ ಮಾತ್ರ ಎಲ್ಲರಿಗೂ ನೆಂಟರ ಮನೆ ನೆನಪಾಗುತ್ತದಂತೆ!

ಲೆಕ್ಕದ ಊಟ

ಮೈ ಕಟ್ಟುವವನಿಗೆ ಕಿಲೋ ತೂಕಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಬೇಕು. ಅರವತ್ತೈದು ಕಿಲೋದವನಿಗೆ ನೂರು ಗ್ರಾಂ ದಾಟಿತು. ಒಂದು ಮೊಟ್ಟೆಯಲ್ಲಿ ಇರುವುದು ಆರು ಗ್ರಾಂ. ಬರೀ ಮೊಟ್ಟೆಯಲ್ಲೇ ತುಂಬಿಸಲು ಹೊರಟರೆ ದಿನಕ್ಕೆ ಹದಿನೇಳು!

ಚಿಂತಾಮಣಿ ಮಾರುಕಟ್ಟೆಯಲ್ಲಿ ಟೊಮೇಟೊ ಕ್ರೇಟು ಹೊರುವ ಹುಡುಗನಿಗೆ ಪೌಡರ್ ಡಬ್ಬಿಯ ಬೆಲೆ ಕೇಳಿದರೇ ತಲೆ ತಿರುಗುತ್ತದೆ. “ಹುರುಳಿಕಾಳು, ಕಡಲೆಕಾಯಿ, ನಾಲ್ಕು ಮೊಟ್ಟೆ, ಮುದ್ದೆ. ಸಾಕಣ್ಣ” ಎಂದ. ಜಾಣ! ನೂರು ಗ್ರಾಂ ಹುರುಳಿಯಲ್ಲಿ ಇಪ್ಪತ್ತು ಗ್ರಾಂ ದಾಟಿ ಪ್ರೋಟೀನ್ ಇದೆ. ಕಡಲೆಕಾಯಿ ಬೀಜದಲ್ಲಿ ಇನ್ನೂ ಹೆಚ್ಚು.

ನೀರು ಬಿಟ್ಟವರ ಕಥೆ

ಮೈ ಬೆಳೆಸುವ ಕಾಲದ ಊಟ ಇದು. ಸ್ಪರ್ಧೆ ಹತ್ತಿರವಾದಂತೆ ಮುದ್ದೆ ಹೋಯಿತು, ಅನ್ನ ಹೋಯಿತು. ಕೆಲವರು ಉಪ್ಪು ಬಿಡುತ್ತಾರೆ, ಕೊನೆಗೆ ನೀರನ್ನೂ! ಚರ್ಮ ತೆಳುವಾಗಿ ನರ ಎದ್ದು ಕಾಣಬೇಕಲ್ಲ. ಜನ ಚಪ್ಪಾಳೆ ತಟ್ಟುವ ಆ ಗಳಿಗೆಯಲ್ಲೇ ಹುಡುಗ ತೀರಾ ನಿತ್ರಾಣ.

ಗೌರಿಬಿದನೂರಿನ ಕಾರ್ಖಾನೆ ಹುಡುಗನೊಬ್ಬ ಯಾರೋ ಕೊಟ್ಟ ‘ನೀರಿಳಿಸೋ ಮಾತ್ರೆ’ ನುಂಗಿ ವೇದಿಕೆ ಹತ್ತಿದ್ದ. ಮೂರನೇ ಭಂಗಿಗೆ ಕಾಲು ಸೆಟೆದು ಬಿದ್ದ. ರಕ್ತದ ಲವಣಾಂಶ ಏರುಪೇರಾದರೆ ಹೃದಯದ ಬಡಿತವೇ ತಪ್ಪುತ್ತದೆ. ಪುಣ್ಯಕ್ಕೆ ಬದುಕಿದ.

2021ರ ಅಕ್ಟೋಬರ್ 29ರಂದು ನಮ್ಮ ಅಪ್ಪು 46ನೇ ವಯಸ್ಸಿಗೇ ಹೃದಯಾಘಾತದಿಂದ ಹೋದಾಗ ಎಷ್ಟೋ ತಾಯಂದಿರು ಮಕ್ಕಳನ್ನು ಜಿಮ್ಮಿನಿಂದ ಎಳೆತಂದರು. ಕಸರತ್ತನ್ನೇ ಕಳ್ಳನೆಂದರೆ ಹೇಗೆ? 1983ರ ‘ಕಾಮನಬಿಲ್ಲು’ವಿನಲ್ಲಿ ಅಣ್ಣಾವ್ರ ಯೋಗಾಸನ ನೋಡಿ ನಾವು ಬೆರಗಾಗಲಿಲ್ಲವೇ? ಎದೆ ಪರೀಕ್ಷಿಸಿಕೊಳ್ಳದೆ, ವೈದ್ಯರನ್ನು ಕೇಳದೆ, ಗೆಳೆಯ ಕೊಟ್ಟ ಸೂಜಿ ಮಾತ್ರೆ ನಂಬುವುದೇ ಅಪಾಯ.

ಶಿಡ್ಲಘಟ್ಟದ ಹುಡುಗನ ತಾಯಿಗೂ ಅದೇ ಭಯ. ಮಗ ಮುಟ್ಟದ ತಟ್ಟೆ ತೋರಿಸಿ ಆಕೆ ಹೇಳಿದರು: “ನೋಡಪ್ಪಾ, ಹುಳ ಹಣ್ಣಾದರೆ ಸೊಪ್ಪು ಬಿಡುತ್ತೆ, ಗೂಡು ಕಟ್ಟುತ್ತೆ. ಜನ ಗೂಡನ್ನ ಹೊಗಳ್ತಾರೆ. ಒಳಗಿನ ಹುಳದ ಗತಿ ಯಾರು ಕೇಳ್ತಾರೆ?”

ಹುಡುಗ ತಲೆ ತಗ್ಗಿಸಿದ. “ಮಾತ್ರೆ ಮುಟ್ಟಲ್ಲಮ್ಮ, ನೀರೂ ಬಿಡಲ್ಲ” ಎಂದು ಆಕೆಯ ಕೈ ಹಿಡಿದ.

ಹದಿನೇಳು ದಿನ ಕಳೆದ ಮೇಲೆ ಫೋನು ಬಂತು. “ನಾಲ್ಕನೇ ಸ್ಥಾನ ಅಣ್ಣ, ಪದಕ ಇಲ್ಲ.” ದನಿಯಲ್ಲಿ ಬೇಸರವೇ ಇರಲಿಲ್ಲ. ಬಾಯಿ ತುಂಬ ಏನೋ ಇತ್ತು.

“ಏನಪ್ಪಾ ತಿಂತಾ ಇದ್ದೀಯಾ?”

“ಮುದ್ದೆ ಅಣ್ಣ... ಹುರುಳಿಕಾಳು ಸಾರು!”