ಬಂಬ್ ಬಂದ ರಾತ್ರಿ

ಮುಂಬಯಿಯ ಬೀದಿಯಲ್ಲಿ ಅಗ್ನಿಶಾಮಕ ದಳದ ಕೆಂಪು ಗಾಡಿಗೆ ‘ಬಂಬ್’ ಎನ್ನುತ್ತಾರೆ. ಕುಂದಾಪುರದ ಕಡೆಯಿಂದ ಬಂದು ಚಿಕ್ಕಪ್ಪನ ಹೋಟೆಲಿನ ಗಲ್ಲಾದಲ್ಲಿ ಕೂತ ಹೊಸತರಲ್ಲಿ, ಚಾಳಿನ ಹುಡುಗರು ‘ಬಂಬ್ ಆಲಾ, ಬಂಬ್ ಆಲಾ’ ಎಂದು ಕೂಗುತ್ತ ಓಡಿದಾಗ ಎಲ್ಲೋ ಬಾಂಬ್ ಬಿತ್ತೆಂದು ನಾನು ಮೇಜಿನಡಿಗೆ ಬಗ್ಗಿದ್ದೆ. ಗಿರಾಕಿಗಳು ನಕ್ಕದ್ದು ಇನ್ನೂ ನೆನಪಿದೆ. ಆಮೇಲೆ ಎಷ್ಟೋ ವರ್ಷ ಆ ಸದ್ದು ಕೇಳಿದ್ದೇನೆ, ದಾರಿ ಬಿಟ್ಟಿದ್ದೇನೆ, ಮರೆತಿದ್ದೇನೆ. ಅದು ನಮ್ಮ ಗೇಟಿಗೇ ಬಂದದ್ದು ಹೋದ ವರ್ಷ.

ನಮ್ಮದು ಮುಲುಂಡಿನ ಹದಿನಾಲ್ಕು ಮಾಳಿಗೆಯ ಸೊಸೈಟಿ. ನಾನು ಅದರ ಸೆಕ್ರೆಟರಿ. ಬೇರೆ ಯಾರೂ ಒಪ್ಪದ್ದರಿಂದ ಆದವನು. ರಾತ್ರಿ ಒಂದೂವರೆಗೆ ವಾಚ್‌ಮನ್ ಇಂಟರ್‌ಕಾಮ್‌ನಲ್ಲಿ, ನಾಲ್ಕನೇ ಮಾಳಿಗೆಯಿಂದ ಹೊಗೆ ಬರುತ್ತಿದೆ ಎಂದ. 101ಕ್ಕೆ ಫೋನ್ ಮಾಡಿದೆ. ಆ ಕಡೆಯವರ ದನಿಯಲ್ಲಿ ಒಂದಿಷ್ಟೂ ಗಡಿಬಿಡಿ ಇರಲಿಲ್ಲ. ನಾನು ಸೊಸೈಟಿಯ ಹೆಸರು ಹೇಳಿದೆ, ಬೇಗ ಬನ್ನಿ ಎಂದೆ, ಇಡುವುದರಲ್ಲಿದ್ದೆ. “ಈಸ್ಟ್ ಕೀ ವೆಸ್ಟ್?” ಎಂದು ಕೇಳಿದರು. ರೈಲು ಹಳಿ ಊರನ್ನು ಎರಡು ಮಾಡಿರುವ ಈ ಮುಂಬಯಿಯಲ್ಲಿ ಅದನ್ನು ಹೇಳದಿದ್ದರೆ ವಿಳಾಸವೇ ಇಲ್ಲ. ಯಾವ ರಸ್ತೆ, ಎದುರಿಗೆ ಏನಿದೆ, ಎಷ್ಟನೇ ಮಾಳಿಗೆ, ಏನು ಹತ್ತಿಕೊಂಡಿದೆ, ಒಳಗೆ ಯಾರಿದ್ದಾರೆ, ಎಲ್ಲವನ್ನೂ ಕೇಳಿಕೊಂಡರು. ಇಡಿ ಎಂದು ಅವರು ಹೇಳುವ ತನಕ ಫೋನ್ ಇಡಬಾರದು ಎಂಬುದು ನನಗೆ ಅಂದು ತಿಳಿಯಿತು.

ಒಳಗೆ ಒಬ್ಬ ಮರಾಠಿ ಅಜ್ಜಿ, ಏಳನೇ ಕ್ಲಾಸಿನ ಮೊಮ್ಮಗಳು. ಮಗ, ಸೊಸೆ ಮದುವೆಗೆಂದು ಪುಣೆಗೆ ಹೋಗಿದ್ದರು. ಹಾಲಿನ ಏಸಿ ಹತ್ತಿಕೊಂಡು ಪರದೆ, ಸೋಫಾ ಎಲ್ಲ ಉರಿಯುತ್ತಿತ್ತು.

ನಾವು ನಾಲ್ಕು ಜನ ಮೆಟ್ಟಿಲ ಬಳಿಯ ಗಾಜು ಒಡೆದು ಹೋಸ್ ಎಳೆದೆವು. ವಾಲ್ವ್ ತಿರುಗಿಸಿದರೆ ಒಂದು ಲೋಟದಷ್ಟು ಕೆಂಪು ನೀರು ಬಿದ್ದು ಪೈಪು ಉಸಿರು ಬಿಟ್ಟಂತೆ ಸದ್ದು ಮಾಡಿತು. ಅಷ್ಟೇ.

ಬಂಬ್ ಬೇಗನೆ ಬಂತು. ಆದರೆ ಗೇಟಿನಿಂದ ಒಳಗೆ ತಿರುಗಲಿಲ್ಲ. ತಿರುವಿನಲ್ಲಿ ಮೂರು ಕಾರುಗಳಿದ್ದವು, ಒಂದು ನನ್ನದು. ಕೀ ಒಂಬತ್ತನೇ ಮಾಳಿಗೆಯ ನನ್ನ ಮನೆಯ ಮೊಳೆಗೆ ನೇತಾಡುತ್ತಿತ್ತು. ದಳದವರು ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. ಗೇಟಿನಿಂದಲೇ ಹೋಸ್ ಜೋಡಿಸಿಕೊಂಡು ಓಡಿದರು. ಬೆನ್ನಿಗೆ ಸಿಲಿಂಡರ್ ಕಟ್ಟಿದ ಇಬ್ಬರು ಮುಖವಾಡ ಹಾಕಿಕೊಂಡು ಒಳಗೆ ಹೋದರು. ಅದು ಆಕ್ಸಿಜನ್ ಎಂದು ನಾನು ತಿಳಿದಿದ್ದೆ. ಬೆಂಕಿಯ ಹತ್ತಿರ ಆಕ್ಸಿಜನ್ ಒಯ್ಯುವುದುಂಟೇ, ಅದು ಒತ್ತಡ ಹಾಕಿ ತುಂಬಿದ ಬರೀ ಗಾಳಿ ಎಂದು ಮತ್ತೊಂದು ದಿನ ಒಬ್ಬರು ತಿಳಿಸಿದರು.

ಅಜ್ಜಿ, ಮೊಮ್ಮಗಳು ಹಿಂದಿನ ಕೋಣೆಯಲ್ಲಿದ್ದರು. ಹುಡುಗಿ ಕೋಣೆಯ ಬಾಗಿಲು ಮುಚ್ಚಿ, ಬಚ್ಚಲಲ್ಲಿ ಟವೆಲ್ ನೆನೆಸಿ ಬಾಗಿಲಡಿಯ ಸಂದಿಗೆ ತುರುಕಿ, ಕಿಟಕಿ ತೆರೆದು ಮೊಬೈಲಿನ ಟಾರ್ಚ್ ಆಡಿಸುತ್ತಿದ್ದಳು. ಅಜ್ಜಿ ಮುಂಬಾಗಿಲಿಗೆ ಓಡಲು ಹೊರಟಾಗ ಸೆರಗು ಹಿಡಿದು ಕೂರಿಸಿದ್ದಳಂತೆ. ಹಾಲು ದಾಟಿ ಹೋಗಿದ್ದರೆ ಏನಾಗುತ್ತಿತ್ತೆಂದು ಗೋಡೆಯ ಮಸಿ ನೋಡಿದವರಿಗೆ ಹೇಳಬೇಕಿರಲಿಲ್ಲ. ಬೆಂಕಿಗಿಂತ ಮೊದಲು ಹೊಗೆ ಕೊಲ್ಲುತ್ತದೆ. ಇದನ್ನೆಲ್ಲ ಯಾರು ಕಲಿಸಿದರಮ್ಮಾ ಎಂದು ಕೇಳಿದೆ. “ಶಾಲೆಗೆ ಬಂಬ್‌ವಾಲೇ ಅಂಕಲ್ ಬಂದಿದ್ದರು” ಎಂದಳು.

ನಮ್ಮ ಸೊಸೈಟಿಗೂ ಬರಬಹುದಿತ್ತು. ಕರೆಯಬೇಕಾದವನು ನಾನೇ.

ಬೆಂಕಿ ಆರಿದ ಮೇಲೆ ಅಧಿಕಾರಿ ನನ್ನನ್ನು ಹುಡುಕಿ ಬಂದರು. “ಪಂಪ್ ರೂಮ್ ಕುಠೇ ಆಹೇ?” ಕರೆದುಕೊಂಡು ಹೋದೆ. ಪ್ಯಾನೆಲ್‌ನ ಸ್ವಿಚ್ಚು ‘ಆಫ್’ನಲ್ಲಿತ್ತು. ಪೈಪಿನಲ್ಲಿ ಎಲ್ಲೋ ಸಣ್ಣ ಸೋರಿಕೆ, ಒತ್ತಡ ಇಳಿದಾಗಲೆಲ್ಲ ಪಂಪು ತಾನಾಗಿ ಶುರುವಾಗುತ್ತಿತ್ತು, ಕೆಳಗಿನ ಮನೆಯವರಿಗೆ ನಿದ್ದೆ ಇಲ್ಲ. ಪ್ಲಂಬರ್ ಬಂದ್ ಮಾಡಿ ಹೋಗಿದ್ದ. ಯಾವಾಗ ಎಂದು ಯಾರಿಗೂ ಗೊತ್ತಿಲ್ಲ.

ಅವರು ಮುಂದೆ ಕೇಳಿದ್ದು ‘ಬಿ ಫಾರ್ಮ್’ ಬಗ್ಗೆ. ಮಹಾರಾಷ್ಟ್ರದಲ್ಲಿ 2006ರ ಅಗ್ನಿ ಸುರಕ್ಷತೆಯ ಕಾಯ್ದೆಯಂತೆ, ಕಟ್ಟಡದಲ್ಲಿ ಅಳವಡಿಸಿದ ವ್ಯವಸ್ಥೆಯನ್ನು ಸುಸ್ಥಿತಿಯಲ್ಲಿಡುವ ಹೊಣೆ ಮಾಲೀಕರು ಮತ್ತು ವಾಸಿಗಳದು. ಲೈಸೆನ್ಸ್ ಇರುವ ಏಜೆನ್ಸಿಯಿಂದ ಪರೀಕ್ಷೆ ಮಾಡಿಸಿ, ಎಲ್ಲ ಸರಿಯಿದೆ ಎಂಬ ಪ್ರಮಾಣಪತ್ರವನ್ನು ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈಯಲ್ಲಿ, ದಳಕ್ಕೆ ಒಪ್ಪಿಸಬೇಕು. ನಮ್ಮದು ತಪ್ಪದೆ ಹೋಗಿತ್ತು. ಏಜೆನ್ಸಿಯ ಹುಡುಗ ಫೈಲು ತಂದಿದ್ದ, ನಾನು ಚಹಾ ಕುಡಿಯುತ್ತ ಜೊತೆಯ ಪತ್ರಕ್ಕೆ ಸಹಿ ಹಾಕಿದ್ದೆ. ಅವನು ಪಂಪ್ ರೂಮಿಗೆ ಇಳಿದನೋ ಇಲ್ಲವೋ ನಾನು ನೋಡಿದವನಲ್ಲ. ಪ್ರಮಾಣಪತ್ರದ ಪ್ರಕಾರ ಆ ರಾತ್ರಿ ನಮ್ಮ ಹೋಸಿನಲ್ಲಿ ನೀರಿತ್ತು.

ಈ ದಳದ ಬಗ್ಗೆ ನನಗೆ ಮೊದಲು ಹೇಳಿದವರು ಚಿಕ್ಕಪ್ಪನ ಹೋಟೆಲಿನ ಹಳೆಯ ಅಡುಗೆ ಭಟ್ಟರು. ಹಡಗುಕಟ್ಟೆಯ ಸ್ಫೋಟದ ಕಾಲಕ್ಕೆ ಅವರು ಕೋಟೆ ಪ್ರದೇಶದಲ್ಲಿ ಕಪ್ಪು ತೊಳೆಯುವ ಹುಡುಗ. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕಿನಲ್ಲಿ ‘ಫೋರ್ಟ್ ಸ್ಟಿಕಿನ್’ ಎಂಬ ಹಡಗಿಗೆ ಬೆಂಕಿ ಬಿತ್ತು. ಒಳಗೆ ಹತ್ತಿಯ ಬೇಲುಗಳು, ಸುಮಾರು 1,400 ಟನ್ ಸ್ಫೋಟಕ, ಸಾಲದ್ದಕ್ಕೆ ಚಿನ್ನದ ಗಟ್ಟಿಗಳು. ಬೆಂಕಿ ಆರಿಸಲು ಹೋದವರು ಆರಿಸುತ್ತಲೇ ಇದ್ದರು. ಸಂಜೆ ನಾಲ್ಕರ ನಂತರ ಹಡಗು ಸಿಡಿಯಿತು. ದಳದ 66 ಮಂದಿ ಸತ್ತರು. ಭಟ್ಟರು ಹೇಳುತ್ತಿದ್ದದ್ದು ಮಾತ್ರ ಆಕಾಶದಿಂದ ಚಿನ್ನ ಬಿದ್ದ ಕಥೆ. ದೇಶದಾದ್ಯಂತ ಏಪ್ರಿಲ್ 14ರಿಂದ ಒಂದು ವಾರ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುವುದು ಆ 66 ಮಂದಿಯ ನೆನಪಿಗೆ ಎಂಬುದು ನನಗೆ ತಿಳಿದದ್ದು ತೀರಾ ಈಚೆಗೆ. ಇನ್ನು 2015ರ ಮೇ 9ರಂದು ಕಾಲ್ಬಾದೇವಿಯ ಹಳೆಯ ಕಟ್ಟಡದ ಬೆಂಕಿಯಲ್ಲಿ ದಳ ನಾಲ್ವರು ಹಿರಿಯ ಅಧಿಕಾರಿಗಳನ್ನು ಕಳೆದುಕೊಂಡಿತು. ದಳದ ಮುಖ್ಯಸ್ಥ ಸುನೀಲ್ ನೆಸರೀಕರ್ ಅವರಲ್ಲೊಬ್ಬರು. ನಿವಾಸಿಗಳನ್ನು ಹೊರಗೆ ಕಳಿಸಿ ತಾವು ಒಳಗಿದ್ದವರು.

ಘಟನೆಯಾಗಿ ಎರಡು ವಾರಕ್ಕೆ ಒಂದು ಭಾನುವಾರ ಅದೇ ಅಧಿಕಾರಿ ಇಬ್ಬರು ಸಿಬ್ಬಂದಿಯೊಂದಿಗೆ ಬಂದರು. ನಾವು ಬರೆದುಕೊಟ್ಟ ಅರ್ಜಿಯೊಂದೇ ಸಾಕಾಯಿತು. ಅದಕ್ಕೂ ಮೊದಲು ಸಮಿತಿಯ ಸಭೆಯಲ್ಲಿ ಧಾರವಾಡದ ಕಡೆಯ ನಮ್ಮ ಹಿರಿಯರೊಬ್ಬರು, “ಅಲ್ರೀ, ಬೆಂಕಿ ಹತ್ತಿದ್ರ ಬಂಬ್‌ನವ್ರು ಬರ್ತಾರಲ್ಲ, ನಮಗ್ಯಾಕ್ರೀ ಈ ಉಸಾಬರಿ?” ಎಂದಿದ್ದರು. ಆ ಪ್ರಶ್ನೆಯನ್ನು ಹಿಂದಿಯಲ್ಲಿ ಅಧಿಕಾರಿಗೇ ಕೇಳಿದರು ಕೂಡ. ಅವರು ಗಡಿಯಾರ ತೋರಿಸಿ, ನಾವು ಬರುವ ತನಕದ ನಿಮಿಷಗಳು ನಿಮ್ಮವು ಎಂದರು.

ಅಂದು ಕಲಿತದ್ದರಲ್ಲಿ ದೊಡ್ಡ ವಿದ್ಯೆ ಏನೂ ಇರಲಿಲ್ಲ. ಆರಿಸುವ ಸಿಲಿಂಡರಿನ ಪಿನ್ ಕಿತ್ತು, ಜ್ವಾಲೆಯ ತುದಿಗಲ್ಲ, ಬುಡಕ್ಕೆ ಹಿಡಿಯಬೇಕು. ಮುಳ್ಳು ಹಸಿರಿನಲ್ಲಿದೆಯೇ ಎಂದು ಆಗಾಗ ನೋಡಬೇಕು. ಲಿಫ್ಟ್ ಮುಟ್ಟಬಾರದು. ಮೆಟ್ಟಿಲಲ್ಲಿ ಹೊಗೆ ತುಂಬಿದ್ದರೆ ಇಳಿಯುವುದಕ್ಕಿಂತ ಬಾಗಿಲು ಮುಚ್ಚಿ ಒಳಗಿರುವುದೇ ವಾಸಿ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಬಾರದು, ಗ್ಯಾಸ್ ಬಂದ್ ಮಾಡಿ ಮುಚ್ಚಳ ಮುಚ್ಚಬೇಕು. ಇದೊಂದು ನನಗೆ ಗೊತ್ತಿತ್ತು. ವಡೆ ಕರಿಯುವ ಒಲೆಯ ಪಕ್ಕ ದೊಡ್ಡ ತಟ್ಟೆಯೊಂದನ್ನು ಭಟ್ಟರು ಅದಕ್ಕೇ ಇಟ್ಟಿರುತ್ತಿದ್ದರು, ಹುಡುಗರು ಅದನ್ನು ಮುಟ್ಟುವಂತಿರಲಿಲ್ಲ.

ಆಮೇಲೆ ಕಟ್ಟಡ ಸುತ್ತಿದರು. ಎಂಟನೇ ಮಾಳಿಗೆಯ ರೆಫ್ಯೂಜ್ ಜಾಗ, ಅಂದರೆ ಬೆಂಕಿ ಬಿದ್ದಾಗ ಜನ ಬಂದು ನಿಲ್ಲಲೆಂದೇ ಬಿಟ್ಟ ಬಯಲು, ಅಲ್ಲಿ ನಾವು ಗಣಪತಿ ಮಂಟಪದ ಬಿದಿರು, ಬಟ್ಟೆ, ಥರ್ಮಾಕೋಲ್ ಪೇರಿಸಿಟ್ಟಿದ್ದೆವು. ಅಧಿಕಾರಿ ನೋಡಿದರು, ಕೈ ಮುಗಿದರು. ಗಣಪತಿಗೋ ನಮಗೋ ತಿಳಿಯಲಿಲ್ಲ. ವಯರುಗಳು ಹಾಯುವ ಡಕ್ಟಿನಲ್ಲಿ ಹಳೆಯ ಚಪ್ಪಲಿ ಸ್ಟ್ಯಾಂಡುಗಳಿದ್ದವು. ಟೆರೇಸಿನ ಬೀಗದ ಕೀ ಎಲ್ಲಿ ಎಂದರೆ ಮೂರು ಜನ ಮೂರು ಹೆಸರು ಹೇಳಿದರು.

ಬಿದಿರು ಈಗ ಗ್ಯಾರೇಜಿನಲ್ಲಿದೆ. ತಿರುವಿನಲ್ಲಿ ಹಳದಿ ಗೆರೆ ಬಿದ್ದಿದೆ. ನಾನು ಕಾರನ್ನು ಹೊರಗಿನ ರಸ್ತೆಯಲ್ಲಿ ನಿಲ್ಲಿಸಿ ಟೋಯಿಂಗ್‌ನವರಿಗೆ ಎರಡು ಸಲ ದಂಡ ಕಟ್ಟಿದ್ದೇನೆ. ಆ ಏಜೆನ್ಸಿಯನ್ನು ಬಿಟ್ಟೆವು. ಸೋರುತ್ತಿದ್ದ ಪೈಪು ಬದಲಾಯಿಸಲು ಆದ ಖರ್ಚಿನ ಬಗ್ಗೆ ಸಭೆಯಲ್ಲಿ ಜಗಳ ಇನ್ನೂ ಮುಗಿದಿಲ್ಲ.

ಈ ಜನವರಿಯಲ್ಲಿ ಹೊಸ ಏಜೆನ್ಸಿಯವನು ಫೈಲು ಹಿಡಿದು ಬಂದಾಗ ನಾನು ಚಪ್ಪಲಿ ಮೆಟ್ಟಿ ಅವನ ಜೊತೆ ಕೆಳಗಿಳಿದೆ. ನಾಲ್ಕನೇ ಮಾಳಿಗೆಯಲ್ಲಿ ಆ ಹುಡುಗಿ ಬಾಗಿಲಲ್ಲೇ ನಿಂತಿದ್ದಳು, ತಾನೂ ಬರುತ್ತೇನೆ ಎಂದಳು. ಸ್ವಿಚ್ಚು ‘ಆಟೋ’ದಲ್ಲಿತ್ತು. ಅಂಗಳದ ಹೋಸನ್ನು ಅವಳ ಕೈಗೆ ಕೊಟ್ಟು, ಏಜೆನ್ಸಿಯವನು ಹಿಂದಿನಿಂದ ಹಿಡಿದು, ನಾನು ವಾಲ್ವ್ ತಿರುಗಿಸಿದೆ. ಪಂಪು ಗುಡುಗಿತು, ನೀರು ಎರಡನೇ ಮಾಳಿಗೆಯ ಕಿಟಕಿಯವರೆಗೆ ಚಿಮ್ಮಿತು, ಅಲ್ಲಿ ಒಣಗಿಸಿದ್ದ ಹಪ್ಪಳವೆಲ್ಲ ತೊಯ್ದು ಆ ಮನೆಯವರು ಇಳಿದು ಬಂದರು. ಅವರಿಗೆ ಸಮಾಧಾನ ಹೇಳಿ, ಒದ್ದೆ ಕೈ ಒರೆಸಿಕೊಂಡು ಸಹಿ ಹಾಕಿದೆ.