ಉಗುರಿಗೆ ಸಿಗದ ಬಣ್ಣ

ಚಿಪ್ಸ್ ಪೊಟ್ಟಣದ ಕೆಂಪನ್ನು ಉಗುರಿನಿಂದ ಕೆರೆಯಿರಿ. ಇನ್ನೂ ಜೋರಾಗಿ! ಬಣ್ಣ ಜಪ್ಪಯ್ಯ ಅಂದರೂ ಏಳುವುದಿಲ್ಲ. ಯಾಕೆ ಗೊತ್ತೇ? ಬಣ್ಣ ಪೊಟ್ಟಣದ ಮೇಲೆ ಇಲ್ಲವೇ ಇಲ್ಲ! ನೀವು ಕೆರೆದದ್ದು ಬರೀ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು. ಶಾಯಿ ಇರುವುದು ಅದರ ಬೆನ್ನಿಗೆ, ಒಳಗಿನ ಬೆಳ್ಳಿಬಣ್ಣದ ಹಾಳೆಗೆ ಅಂಟಿಕೊಂಡು, ಹೋಳಿಗೆಯೊಳಗಿನ ಹೂರಣದ ಹಾಗೆ!

ಹಾಗಾಗಿ ಮುದ್ರಣವೂ ತಿರುಗುಮುರುಗು. ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ಅಚ್ಚಾಗುತ್ತವೆ. ನಾವು ನೆಲ ಸಾರಿಸಿ ರಂಗೋಲಿ ಬಿಡುತ್ತೇವೆ. ಇಲ್ಲಿ ರಂಗೋಲಿ ಮೊದಲು, ನೆಲ ಆಮೇಲೆ: ಹಿನ್ನೆಲೆಯ ಬಿಳಿ ಬೀಳುವುದೇ ಕೊನೆಗೆ!

ಅಚ್ಚು ಹಾಕುವ ಉರುಳೆಯನ್ನು ನೋಡಬೇಕು. ಉಕ್ಕಿನ ಮೈ, ಅದರ ಮೇಲೆ ತಾಮ್ರದ ಲೇಪ, ಆ ತಾಮ್ರದಲ್ಲಿ ವಜ್ರದ ಮೊನೆ ಕೊರೆದ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳು, ಎಲ್ಲದರ ಮೇಲೆ ಕ್ರೋಮಿಯಂ ಕವಚ. ಉರುಳೆ ಶಾಯಿಯಲ್ಲಿ ಮಿಂದು ಏಳುತ್ತದೆ. ತೆಳು ಅಲಗೊಂದು ಮೈಮೇಲಿನದನ್ನೆಲ್ಲ ಸವರಿ ತೆಗೆಯುತ್ತದೆ. ಗುಳಿಯಲ್ಲಿ ಉಳಿದದ್ದಷ್ಟೇ ಹಾಳೆಗೆ. ಗುಳಿ ಆಳವಾದಷ್ಟೂ ಬಣ್ಣ ಗಾಢ. ಮುಂದಿನ ಬಣ್ಣದ ಉರುಳೆ ಮುಟ್ಟುವಷ್ಟರಲ್ಲಿ ಇದು ಬಿಸಿಗಾಳಿಗೆ ಒಣಗಿರಬೇಕು. ಅದಕ್ಕೇ ಈಥೈಲ್ ಅಸಿಟೇಟ್‌ನಂಥ, ಥಟ್ಟನೆ ಆರಿಹೋಗುವ ದ್ರಾವಕ.

ಬಣ್ಣಗಳ ಕುಲಮೂಲ ಕೆದಕಿದರಂತೂ ಬೆರಗೋ ಬೆರಗು! ಪೊಟ್ಟಣದ ನೀಲಿಯ ಅಣುವಿನ ನಟ್ಟನಡುವೆ ಕೂತಿರುವುದು ತಾಮ್ರ. ಕಪ್ಪು ಯಾರೆಂದುಕೊಂಡಿರಿ? ಅಜ್ಜಿ ದೀಪದ ಕುಡಿಯ ಮೇಲೆ ಹಿಡಿಯುತ್ತಿದ್ದ ಕಾಡಿಗೆಯ ನೆಂಟ, ಮಸಿ! ಇನ್ನು ಚಿನ್ನದ ಹೊಳಪು? ಎಷ್ಟೋ ಪೊಟ್ಟಣಗಳಲ್ಲಿ ಅದು ಬೆಳ್ಳಿಹಾಳೆಯ ಮುಂದೆ ಬಳಿದ ತಿಳಿಹಳದಿ ಶಾಯಿ, ಅಷ್ಟೇ!

ಆದರೆ ಶಾಯಿ ಬಲು ಕಿಲಾಡಿ. 2005ರಲ್ಲಿ ಇಟಲಿಯಲ್ಲಿ ಶಿಶುಗಳ ಹಾಲಿನೊಳಗೆ ಐಟಿಎಕ್ಸ್ ಎಂಬ ರಾಸಾಯನಿಕದ ಕುರುಹು ಸಿಕ್ಕಿತು. ಅದು ನೇರಳಾತೀತ ಬೆಳಕಿಗೆ ಗಟ್ಟಿಯಾಗುವ ಶಾಯಿಯ ಸಾಮಗ್ರಿ. ಅಚ್ಚಾಗಿದ್ದು ಹಾಲಿನ ಪೆಟ್ಟಿಗೆಯ ಹೊರಮೈಗೆ! ಒಳಗೆ ಹೊಕ್ಕಿದ್ದು ಹೇಗೆ? ಅಚ್ಚಾದ ಹಾಳೆಯನ್ನು ಸುರುಳಿ ಸುತ್ತಿಟ್ಟಾಗ ಒಂದು ಸುತ್ತಿನ ಹೊರಮೈ ಇನ್ನೊಂದರ ಒಳಮೈಗೆ ಒರಗುತ್ತದೆ. ಅಷ್ಟು ಸೋಂಕಿದ್ದೇ ಸಾಕಾಗಿತ್ತು.

ಕಣ್ಣಿಗೆ ಕಾಣಬೇಕು, ತಿಂಡಿಯನ್ನು ಮುಟ್ಟಬಾರದು. ಪೊಟ್ಟಣದ ಶಾಯಿಯ ವಿದ್ಯೆಯೆಲ್ಲ ಇಷ್ಟೇ. ಸುದ್ದಿಪತ್ರಿಕೆಯ ಶಾಯಿಗೆ ಈ ವಿದ್ಯೆ ಗೊತ್ತಿಲ್ಲ. ತಿಂಡಿಯನ್ನು ಅದರಲ್ಲಿ ಕಟ್ಟಕೂಡದೆಂದು ನಮ್ಮ ದೇಶದ 2018ರ ಆಹಾರ ಪ್ಯಾಕಿಂಗ್ ನಿಯಮಗಳೇ ಹೇಳುತ್ತವೆ. ಪತ್ರಿಕೆಯಲ್ಲಿ ಕಟ್ಟಿಕೊಟ್ಟ ಬಿಸಿ ಬೋಂಡವನ್ನು ಒಮ್ಮೆ ತಿರುಗಿಸಿ ನೋಡಿ. ಅಲ್ಲೂ ಕನ್ನಡಿ ಅಕ್ಷರಗಳೇ! ನಡುವೆ ಹಾಳೆ ಮಾತ್ರ ಇಲ್ಲ.